ಕೂತು ಉಣ್ಣುವ ಹಬ್ಬ

ಹೂವು ಆಮೇಲೆ ಬಿಡಿಸಿದರಾಯಿತು, ಇಲ್ಲಿ ಬನ್ನಿ ಅಕ್ಕಾ. ಪ್ಯಾರಿಸ್ಸಿನಲ್ಲಿ ಮಗಳು ಅಳಿಯ ನಮ್ಮನ್ನು ಡಿಸೆಂಬರ್ 31ರ ರಾತ್ರಿ ದೊಡ್ಡ ರೆಸ್ಟೋರೆಂಟೊಂದಕ್ಕೆ ಊಟಕ್ಕೆ ಕರೆದುಕೊಂಡು ಹೋಗಿದ್ದರಲ್ಲ, ಅದನ್ನು ನಿಮಗೆ ಹೇಳಲೇಬೇಕು. ಎಂಟೂವರೆಗೆ ಕೂತವರು ಏಳುವಷ್ಟರಲ್ಲಿ ಹೊಸ ವರ್ಷ ಬಂದು ಎಷ್ಟೋ ಹೊತ್ತಾಗಿತ್ತು. ಅಷ್ಟು ಹೊತ್ತು ಏನು ತಿಂದಿರಿ ಅಂತೀರಾ? ತಿಂದದ್ದಕ್ಕಿಂತ ಕೂತು ಮಾತಾಡಿದ್ದೇ ಹೆಚ್ಚು. ನನಗೆ ಹಿಡಿಸಿದ್ದೂ ಅದೇ.

ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿಯ ಊಟಕ್ಕೂ ವರ್ಷದ ಕೊನೆಯ ರಾತ್ರಿಯ ಊಟಕ್ಕೂ ಫ್ರೆಂಚರು ರೆವೆಯೊನ್ ಅಂತಾರೆ. ಮೊದಲನೆಯದು ಹೆಚ್ಚಾಗಿ ಮನೆಮಂದಿಯ ಹಬ್ಬ, ಎರಡನೆಯದು ಗೆಳೆಯರ ಜೊತೆಗಿನದು. ಆಯ್‌ಸ್ಟರ್, ಬಾತುಕೋಳಿಯ ಈಲಿಯಿಂದ ಮಾಡುವ ಫ್ವಾ ಗ್ರಾ, ಚೆಸ್ಟ್‌ನಟ್ ಹಾಕಿ ಬೇಯಿಸಿದ ಕೋಳಿ, ಶಾಂಪೇನ್, ಇವೆಲ್ಲ ಅವರ ಹಬ್ಬದಡುಗೆ. ನಾವು ಸಸ್ಯಾಹಾರಿಗಳು ಅಂತ ಅಳಿಯ ಮೊದಲೇ ತಿಳಿಸಿದ್ದ. ಚೆಸ್ಟ್‌ನಟ್ ಸೂಪು ಮಾಡಿಟ್ಟಿದ್ದರು, ಮೇಲೆ ಟ್ರಫಲ್ ಅಣಬೆಯನ್ನು ಕಾಗದದಷ್ಟು ತೆಳ್ಳಗೆ ಹೆರೆದು ಹಾಕಿದರು. ಆ ಘಮ ಇನ್ನೂ ನೆನಪಿದೆ.

ಬಡಿಸುವ ಚೆಂದ ಕೇಳಿ. ನಾವು ನಾಲ್ವರು. ನಾಲ್ಕು ಕುರ್ಚಿಗಳ ಹಿಂದೆ ನಾಲ್ಕು ಜನ ಬಂದು ನಿಂತರು, ಕಣ್ಣಲ್ಲೇ ಸನ್ನೆಯಾಯಿತು, ನಾಲ್ಕೂ ತಟ್ಟೆ ಒಟ್ಟಿಗೇ ಕೆಳಗಿಳಿದವು. ಒಬ್ಬರು ತಿನ್ನುವಾಗ ಇನ್ನೊಬ್ಬರು ಬಾಯಿ ನೋಡಿಕೊಂಡು ಕೂರುವಂತಿಲ್ಲ. ಚೀಸಿನ ಸರದಿ ಮುಗಿದ ಮೇಲೆ ಒಬ್ಬ ಹುಡುಗ ಬಂದು, ಬಾಗಿದ ಪುಟ್ಟ ಲೋಹದ ಪಟ್ಟಿಯಿಂದ ಮೇಜಿನ ಬಟ್ಟೆ ಮೇಲಿದ್ದ ಬ್ರೆಡ್ಡಿನ ಚೂರನ್ನೆಲ್ಲ ಮೆಲ್ಲಗೆ ಬಳಿದು ತೆಗೆದ. ಸಿಹಿ ಬಂದದ್ದು ಅದಾದ ಮೇಲೆ.

ಮೊದಲು ಅವರಲ್ಲೂ ಹೀಗಿರಲಿಲ್ಲ. ಸಿರಿವಂತರ ಔತಣದಲ್ಲಿ ಹತ್ತಾರು ಬಗೆಯನ್ನು ಒಂದೇ ಸಲ ಮೇಜಿನ ತುಂಬ ಹರವುತ್ತಿದ್ದರು, ತಿನ್ನುವ ಹೊತ್ತಿಗೆ ಅರ್ಧ ಆರಿರುತ್ತಿತ್ತು. ಒಂದಾದ ಮೇಲೊಂದು ಬಿಸಿಬಿಸಿಯಾಗಿ ತಂದು ಬಡಿಸುವ ರಷ್ಯನ್ ಪದ್ಧತಿ 19ನೇ ಶತಮಾನದಲ್ಲಿ ಬೇರೂರಿತು. ಅಡುಗೆಮನೆಯನ್ನು ಅದಕ್ಕೆ ಒಗ್ಗಿಸಿದವರಲ್ಲಿ ಒಗುಸ್ತ್ ಎಸ್ಕೊಫಿಯೆ ದೊಡ್ಡ ಹೆಸರು. ಸಾಸಿಗೆ ಒಬ್ಬ, ಹುರಿಯೋದಕ್ಕೆ ಒಬ್ಬ, ಸಿಹಿಗೆ ಒಬ್ಬ ಅಂತ ಕೆಲಸ ಹಂಚಿಟ್ಟರು. ಒಂದೇ ತಟ್ಟೆಯ ಮೂರು ಪದಾರ್ಥ ಒಂದೇ ಗಳಿಗೆಗೆ ಸಿದ್ಧವಾಗೋದು ಅದರಿಂದಲೇ.

2010ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಫ್ರೆಂಚರ ಹಬ್ಬದೂಟವನ್ನು ಸೇರಿಸಿತು. ಯಾವುದೋ ಒಂದು ತಿನಿಸಿಗೆ ಸಂದ ಮರ್ಯಾದೆಯಲ್ಲ ಅದು. ಮದುವೆಗೋ ಹುಟ್ಟುಹಬ್ಬಕ್ಕೋ ಒಟ್ಟಿಗೆ ಕೂರೋದು, ಮೇಜು ಸಿಂಗರಿಸೋದು, ಮೊದಲ ತಿನಿಸು, ಮೀನು ಅಥವಾ ಮಾಂಸದ ಜೊತೆ ತರಕಾರಿ, ಚೀಸು, ಕೊನೆಗೆ ಸಿಹಿ ಅಂತ ಕ್ರಮವಾಗಿ ಉಣ್ಣೋದು, ಈ ಇಡೀ ನಡವಳಿಕೆಗೆ ಸಂದದ್ದು.

ಮಾಂಸವಿಲ್ಲದೆ ಫ್ರೆಂಚ್ ಊಟವೇ ಅನ್ನಬೇಡಿ ಮತ್ತೆ! ಪ್ಯಾರಿಸ್ಸಿನ ಲಾರ್ಪೆಜ್ ರೆಸ್ಟೋರೆಂಟಿನ ಅಲೆನ್ ಪಸ್ಸಾರ್ 2001ರಲ್ಲೇ ಕೆಂಪು ಮಾಂಸವನ್ನು ಕೈಬಿಟ್ಟು ತರಕಾರಿಯನ್ನು ಮುಂದಕ್ಕೆ ತಂದರು. 1996ರಲ್ಲಿ ಬಂದ, ಮಿಶೆಲಿನ್ ರೆಸ್ಟೋರೆಂಟ್ ಕೈಪಿಡಿಯ ಮೂರು ನಕ್ಷತ್ರ ಅದರಿಂದ ಕಳಚಿಕೊಳ್ಳಲಿಲ್ಲ. ಉಪ್ಪಿನ ಗಟ್ಟಿ ಹೊದಿಕೆಯೊಳಗೆ ಇಡೀ ಬೀಟ್‌ರೂಟ್ ಬೇಯಿಸೋದಕ್ಕೆ ಅವರು ಹೆಸರುವಾಸಿ. ನಾವು ಪಲ್ಯಕ್ಕೆ ಹೆಚ್ಚುವ ಬೀಟ್‌ರೂಟೇ, ಹಬ್ಬದ ಮುಖ್ಯ ಅಡುಗೆಯಾಗಿ ಕೂತಿದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಕ್ರಮ ನಮಗೇನು ಹೊಸದೇ? ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಆಮೇಲೆ ಅನ್ನ, ಸಾರು, ಹುಳಿ, ಕೊನೆಗೆ ಮಜ್ಜಿಗೆ. ಎಷ್ಟು ಲಕ್ಷಣವಾದ ಊಟ! ನಾವು ಕಳೆದುಕೊಳ್ಳುತ್ತಿರೋದು ಹೊತ್ತನ್ನು. ಛತ್ರದಲ್ಲಿ ಸಾರಿಗೆ ಕೈ ಹಾಕುವಷ್ಟರಲ್ಲಿ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ಹಿಂದೆ ನಿಂತಿರುತ್ತಾರೆ. ಹೋಳಿಗೆ ಬಾಯಲ್ಲಿರುವಾಗಲೇ ಪಕ್ಕದ ಎಲೆ ತೆಗೆಯುತ್ತಾರೆ. ಮಾಡಿದವರ ಶ್ರಮಕ್ಕೂ ಬಂದವರ ಪ್ರೀತಿಗೂ ಅದು ಅನ್ಯಾಯ. ಪ್ಯಾರಿಸ್ಸಿನಲ್ಲಿ ಆ ಮೇಜು ರಾತ್ರಿಯಿಡೀ ನಮ್ಮದೇ ಆಗಿತ್ತು. ಊಟಕ್ಕೆ ಅದಕ್ಕಿಂತ ದೊಡ್ಡ ಮರ್ಯಾದೆ ಇದೆಯೇ?

ಬರುವ ಯುಗಾದಿಗೆ ನೀವು ನಾಲ್ಕೂ ಜನ ನಮ್ಮಲ್ಲೇ ಊಟಕ್ಕೆ ಬನ್ನಿ. ಬಗೆ ಎರಡು ಕಡಿಮೆಯಾದರೂ ಚಿಂತೆಯಿಲ್ಲ. ಬಡಿಸುವ ಸರದಿ ಹಂಚಿಕೊಳ್ಳೋಣ, ಫೋನುಗಳನ್ನು ಒಳಗಿಡೋಣ, ಸಂಜೆಯವರೆಗೆ ಯಾರೂ ಏಳೋದು ಬೇಡ.