ನಕಲಿ ಸರ್ವರಿನ ಪುಣ್ಯ

ಶುಕ್ರವಾರ ಸಂಜೆ ಐದಕ್ಕೆ "ಬರೀ ಒಂದು ಅಪ್‌ಗ್ರೇಡ್ ಸಾರ್, ಹತ್ತೇ ನಿಮಿಷ" ಅನ್ನುವವರದು ಉತ್ತರಕುಮಾರನ ಪೌರುಷವೇ. ಸರ್ವರಿನ ನಕಲು ಮಾಡಿ ಮೊದಲು ಅದರ ಮೇಲೆ ಪ್ರಯೋಗ ಮಾಡಪ್ಪ ಅಂದರೆ ಮುಖ ಸಿಂಡರಿಸುತ್ತಾರೆ.

ಆ ನಕಲಿನ ಬೆಲೆ ಏನೆಂದು ಕೇಳಿ. 2017ರ ಜನವರಿ 31ರಂದು ಕೋಡ್ ಸಂಗ್ರಹಿಸಿಡುವ ತಾಣ ಗಿಟ್‌ಲ್ಯಾಬ್‌ನ ಅಸಲಿ ಡೇಟಾಬೇಸೇ ಕೈತಪ್ಪಿ ಅಳಿಸಿಹೋಯಿತು. ಐದು ಬಗೆಯ ರಕ್ಷಣೆ ಇತ್ತಂತೆ, ಒಂದೂ ನೆಟ್ಟಗೆ ಕೆಲಸಕ್ಕೆ ಬರಲಿಲ್ಲ! ಕೊನೆಗೆ ಕಾಪಾಡಿದ್ದು ಯಾವುದು ಗೊತ್ತೇ? ಪರೀಕ್ಷೆಯ ಸರ್ವರಿಗೆಂದು ಆರು ಗಂಟೆ ಮುಂಚೆ ಯಾರೋ ತೆಗೆದಿಟ್ಟಿದ್ದ ನಕಲು.

ಹಾಂ, ನಕಲು ಮಾಡಿದ ತಕ್ಷಣ ಅದರ ಮೇಲ್ ಕಳಿಸುವ ಬಾಯಿಗೆ ಬೀಗ ಹಾಕಿ. ಇಲ್ಲದಿದ್ದರೆ ನೀವು ಸುಮ್ಮನೆ ಒತ್ತಿದ ಬಟನ್ನಿಗೆ ಅಸಲಿ ಗ್ರಾಹಕರಿಗೆಲ್ಲ "ಬಿಲ್ ಬಾಕಿ ಇದೆ" ಅಂತ ಮೇಲ್ ಹೋಗಿರುತ್ತದೆ. ಬ್ಯಾಕಪ್ ಇದೆ ಅನ್ನುವವರು ಒಮ್ಮೆ ಅದನ್ನು ವಾಪಸ್ ತಂದೂ ನೋಡಿ. ಆಮೇಲೆ ಅಪ್‌ಗ್ರೇಡ್ ಮಾಡಿ, ಸೋಮವಾರ.