ಅಜ್ಜಿಯ ನಿರ್ವಹಣೆ: ಹೊಸ ಅಟೆಂಡರುಗಳಿಗೆ ಕೈಪಿಡಿ

ಅಭಿನಂದನೆ. ಏಜೆನ್ಸಿಯವರು ನಿಮ್ಮನ್ನು ಬೆಂಗಳೂರಿನ ಒಂದು ಮನೆಗೆ ಹನ್ನೆರಡು ಗಂಟೆ ಡ್ಯೂಟಿಗೆ ಹಾಕಿದ್ದಾರೆ. ಒಳಕೋಣೆಯ ಅಜ್ಜಿಗೆ ಡಿಮೆನ್ಷಿಯಾ. ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಇದು ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು. ನಿಮಗಂತೂ ಕೆಲಸಕ್ಕೆ ಬರವಿಲ್ಲ.

ಮೊದಲು ಸೀರೆ ಬಿಡಿಸಿ ನೈಟಿ ತೊಡಿಸಿ. ಜೀವಮಾನವೆಲ್ಲ ಸೀರೆಯುಟ್ಟವರು ಸೆರಗು ಹುಡುಕುತ್ತ ಭುಜ ತಡವಿಕೊಳ್ಳುತ್ತಾರೆ. ನೋಡಿಯೂ ನೋಡದಂತಿರಿ; ಡ್ಯೂಟಿ ಶೀಟಿನಲ್ಲಿ ಬಿಪಿಗೆ, ಮಾತ್ರೆಗೆ ಕಾಲಂ ಇದೆ, ಸೆರಗಿಗಿಲ್ಲ. (ಕೆಲವು ಹಳಬರು ನೈಟಿಯ ಮೇಲೊಂದು ಟವೆಲ್ ಹೊದಿಸುತ್ತಾರೆ. ಅಜ್ಜಿ ಅದರ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಟ್ಟಗಾಗಿ ಕೂರುತ್ತಾರೆ. ಇಂಥ ಕಳ್ಳವಿದ್ಯೆ ಕಲಿಯಬೇಡಿ.)

ಊಟಕ್ಕೆ “ಚಿನ್ನೂ, ಆ ಮಾಡು” ಎನ್ನಿ. ಅಪ್ಪಿತಪ್ಪಿ “ಟೀಚರಮ್ಮ” ಎಂದಿರೋ, ತಲೆಯೆತ್ತಿ ಮಾತಿಗಿಳಿಯುತ್ತಾರೆ, ಅನ್ನ ಆರಿಹೋಗುತ್ತದೆ.

ಡಯಾಪರ್ ಬದಲಿಸುವಾಗ ಬಾಗಿಲು ತೆರೆದೇ ಇರಲಿ. ಅವರೆದುರೇ ಮಗಳಿಗೆ ಕೂಗಿ ಹೇಳಿ: “ಇವತ್ತೂ ಮೋಷನ್ ಆಗಿಲ್ಲ ಮೇಡಂ!” ಅವರಿಗೇನು ಗೊತ್ತಾಗುತ್ತೆ ಬಿಡಿ. ಗೊತ್ತಾಗದಿದ್ದರೆ ಹೊದಿಕೆ ಎಳೆದುಕೊಳ್ಳುವುದೇಕೆ ಎಂದು ಮಾತ್ರ ಕೇಳಬಾರದು.

ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿದ್ದ ಡಿಮೆನ್ಷಿಯಾ ಸಂಶೋಧಕ ಟಾಮ್ ಕಿಟ್‌ವುಡ್ 1997ರ ತನ್ನ ಪುಸ್ತಕದಲ್ಲಿ ಇಂಥ 17 ನಡವಳಿಕೆಗಳನ್ನು ಪಟ್ಟಿ ಮಾಡಿದ: ಮಗುವಿನಂತೆ ಕಾಣುವುದು, ಅವಸರಿಸುವುದು, ಇದ್ದೂ ಇಲ್ಲದಂತೆ ಮಾಡುವುದು. ಇವೆಲ್ಲ ದುಷ್ಟರ ಕೆಲಸವಲ್ಲ ಎಂದೂ ಹೇಳಿದ. ಅದೇ ತೊಂದರೆ, ದುಷ್ಟರಾಗಿದ್ದರೆ ಬದಲಾಯಿಸಿಬಿಡಬಹುದಿತ್ತು.

ಸಂಜೆಯಾದರೆ “ಮನೆಗೆ ಹೋಗ್ಬೇಕು” ಶುರುವಾಗುತ್ತದೆ. ಇದೇ ನಿಮ್ಮ ಮನೆ ಎಂದು ವಾದಿಸಿ. ಯಜಮಾನರು ತೀರಿಕೊಂಡ ಸುದ್ದಿಯನ್ನು ದಿನಾ ಹೊಸದಾಗಿ ತಿಳಿಸಿ. ಹಳಬರಾದರೆ ಚಪ್ಪಲಿ ಮೆಟ್ಟಿಸಿ, ಗೇಟಿನವರೆಗೆ ಕೈಹಿಡಿದು ನಡೆದು, “ಮನೇಲಿ ಯಾರ್ಯಾರಿದಾರಮ್ಮ?” ಎಂದು ಕೇಳುತ್ತಾರೆ. ಅಮ್ಮ, ತಂಗಿ, ಕರು ಎಲ್ಲ ಬಂದುಹೋಗುವಷ್ಟರಲ್ಲಿ ಇಬ್ಬರೂ ಮತ್ತೆ ಹಾಲ್‌ನಲ್ಲಿರುತ್ತಾರೆ. ಕಿಟ್‌ವುಡ್‌ನ ಪಟ್ಟಿಯಲ್ಲಿ ಮೋಸವೂ ಸೇರಿದೆ. ಇದನ್ನು ಮೋಸವೆನ್ನಲು ನನಗೆ ಬಾಯಿ ಬಾರದು: ಅಲ್ಲಿ ಯಾರೂ ಸುಳ್ಳಾಡಲಿಲ್ಲ, ಪ್ರಶ್ನೆ ಕೇಳಿದರಷ್ಟೇ.

ಕೊನೆಯ ಪುಟ ಮನೆಯವರಿಗೆ. ಅಮ್ಮನನ್ನು ಗೌರವದಿಂದ ನೋಡಿಕೊಳ್ಳಬೇಕೆಂದು ಅಟೆಂಡರಿಗೆ ದಿನಾ ತಾಕೀತು ಮಾಡಿ. ಆಮೇಲೆ ಅವಳ ತಟ್ಟೆ ಲೋಟ ಬೇರೆ ಇಡಿ, ಹೆಸರು ಕೇಳಲು ಹೋಗಬೇಡಿ, ಊಟಕ್ಕೆ ಯುಟಿಲಿಟಿಯಲ್ಲಿ ವಾಷಿಂಗ್ ಮಷೀನ್ ಪಕ್ಕ ಕೂರಿಸಿ. ಅಲ್ಲಿಗೆ ಅಜ್ಜಿ ಕರೆದದ್ದು ಕೇಳಿಸದಿದ್ದರೆ ಏಜೆನ್ಸಿಗೆ ಫೋನ್ ಮಾಡಿ, ಬೇರೆಯವಳನ್ನು ಕಳಿಸುತ್ತಾರೆ.