ಕೊರವ ಕೊಡಿ, ಜಿಲೇಬಿ ಬೇಡ

ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿದ್ದೂ ಮೀನಿನ ಬಗ್ಗೆ ಅಭಿಪ್ರಾಯವೇ ಇಲ್ಲ ಅನ್ನುವವರು ಒಂದೋ ಶುದ್ಧ ಸಸ್ಯಾಹಾರಿಗಳು, ಇಲ್ಲವೇ ಸುಳ್ಳುಗಾರರು. ನನ್ನ ಪ್ರಕಾರ ಹೊಳೆಮೀನುಗಳಲ್ಲಿ ಕೊರವನೇ ದೊರೆ. ಮುಳ್ಳು ಕಡಿಮೆ, ಮಾಂಸ ಗಟ್ಟಿ. ನೀರಿನಾಚೆಗೂ ಗಾಳಿ ಉಸಿರಾಡಿಕೊಂಡು ಬದುಕುವ ಗಟ್ಟಿಪಿಂಡ. ಬಕೆಟ್ಟಿನಲ್ಲಿ ಕೂತು ಗಿರಾಕಿಯನ್ನೇ ದುರುಗುಟ್ಟಿ ನೋಡುತ್ತದೆ. ರೇಟು ಕೇಳಿದರೆ ಉಸಿರು ಕಟ್ಟುವುದು ನಮಗೆ.

ಆಮೇಲೆ ಕಾಟ್ಲಾ, ರೋಹು. ಗಂಗೆಯ ಕಡೆಯಿಂದ ಬಂದು ನಮ್ಮ ಕೆರೆಗಳಲ್ಲಿ ಮನೆಅಳಿಯನಂತೆ ಕೊಬ್ಬಿದವು. ಕಾಟ್ಲಾದ ತಲೆ ಯಾರಿಗೆಂಬ ಜಗಳ ಪ್ರತಿ ಸಲವೂ ಉಂಟು. ರೋಹುವಿನದು ಕವಲು ಮುಳ್ಳು, ತಿನ್ನುವಾಗ ಬಾಯಿ ಬಿಡುವಂತಿಲ್ಲ. ಹರಟೆಮಲ್ಲ ಬೀಗರು ಬಂದ ದಿನ ನಾನು ಬೇಕೆಂದೇ ರೋಹು ತರುತ್ತೇನೆ.

ಕಡಲಿನದರಲ್ಲಿ ಬಂಗಡೆಯೇ ಸೈ. ಅದು ಐಸಿನಲ್ಲಿ ಕೂತು ಘಟ್ಟ ಹತ್ತುತ್ತದೆ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಘಟ್ಟ ಇಳಿದು ಅಲ್ಲಿನ ಸಾರಿಗೆ ಕೆಂಪು ಬಳಿಯುತ್ತದೆ. 2011ರಲ್ಲಿ ಜಿಐ ಮಾನ್ಯತೆ ಪಡೆದ ಮೆಣಸಿನಕಾಯಿ ನಮ್ಮದು, ಹೆಸರು ಮಾತ್ರ ಮಂಗಳೂರು ಮೀನುಸಾರಿಗೆ!

ಏಡಿ ರುಚಿಯೇನೋ ಹೌದು. ಆದರೆ ತಾಸುಗಟ್ಟಲೆ ಕಡಿದರೂ ಸಿಗುವುದು ಚಮಚದಷ್ಟು. ಉಂಡೆದ್ದ ಮೇಲೆ ಮತ್ತೆ ಹಸಿವು.

ಕೊನೆಯ ಸ್ಥಾನ ಜಿಲೇಬಿ ಮೀನಿಗೆ, ಅಂದರೆ 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾದ ತಿಲಾಪಿಯಾಕ್ಕೆ. ನಿಂತ ನೀರಿನದಾದರೆ ಕೆಸರಿನ ವಾಸನೆ. ಹುಣಸೆಹುಳಿ, ಅರಿಸಿನ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಪುಕ್ಕಟೆ ಕೊಟ್ಟರೂ ನನಗೆ ಬೇಡ. ಕೊಡಲೇಬೇಕೆಂಬ ಮನಸ್ಸಿದ್ದರೆ ಕೊರವ ಕೊಡಿ, ರೊಟ್ಟಿ ನಾನೇ ತರುತ್ತೇನೆ.